ಬಸ್ಸಿನಿಂದ ಇಳಿಸಿದವರೇ ಈಗ ಹತ್ತಿಸುತ್ತಾರೆ

ಬೆಳಗಿನ ಐದೂವರೆ. ಬಸ್ ನಿಲ್ದಾಣದಲ್ಲಿ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ನಿಂತಿದ್ದಾರೆ. ಎಡಗೈಯಲ್ಲಿ ಕಂದು ನಾಯಿಯ ಬೆನ್ನುಪಟ್ಟಿಯ ಹಿಡಿಕೆ. ಬಸ್ ಬರುತ್ತದೆ. ನಾಯಿ ಮೆಟ್ಟಿಲ ಮುಂದೆ ತಡೆದು ನಿಲ್ಲುತ್ತದೆ, ಅವರು ಕಾಲಿನಿಂದ ತಡವಿ ಹತ್ತುತ್ತಾರೆ.

"ಏಯ್, ನಾಯಿ ಇಳಿಸಮ್ಮಾ!" ಕಂಡಕ್ಟರ್ ಕೂಗುತ್ತಾನೆ.

"ಕಾನೂನು ಓದಿ ಹೇಳ್ಲಾ, ಇಲ್ಲ ಬಸ್ ಬಿಡ್ತೀರಾ?"

ಬಸ್ ಹೊರಡುತ್ತದೆ.

ಈ ಹೆಂಗಸಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಬಟ್ಟೆ ಕಟ್ಟಿಕೊಂಡದ್ದು ನಾಯಿಯನ್ನು ಪರೀಕ್ಷಿಸಲು. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಪಳಗಿಸುವುದು ಇವರ ಕೆಲಸ. ಬೀದಿಯವರಿಗೆಲ್ಲ ಇವರು 'ನಾಯಿ ಅಕ್ಕ'. ಒಂದು ನಾಯಿಗೆ ಎರಡು ವರ್ಷ, ಒಮ್ಮೆಗೆ ಮೂರು-ನಾಲ್ಕು ನಾಯಿ, ದಿನಕ್ಕೆ ಹತ್ತು ಕಿಲೋಮೀಟರ್ ನಡಿಗೆ. ಇದುವರೆಗೆ ಮೂವತ್ತೊಂದು ನಾಯಿಗಳು. ಎಡ ಮೊಣಕಾಲು ಸವೆದಿದೆ. ದಾರಿಯಲ್ಲಿ ಯಾರಾದರೂ ಬಿಸ್ಕತ್ತು ತೋರಿಸಿ ನಾಯಿಯನ್ನು ಕರೆದರೆ ಅಕ್ಕ ಸಿಡುಕುತ್ತಾರೆ: "ಬಸ್ ಓಡಿಸೋ ಡ್ರೈವರ್ ಕೆನ್ನೆ ಸವರ್ತೀರಾ? ಇದೂ ಡ್ಯೂಟಿ ಮೇಲಿದೆ."

ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ಬಸ್ ಕಂಡಕ್ಟರ್ ಆಗಿದ್ದರು. ನಾಯಿಯ ಜೊತೆ ಹತ್ತಿದ ಅಂಧ ಟೆಲಿಫೋನ್ ಆಪರೇಟರ್ ಒಬ್ಬರನ್ನು ನಡುದಾರಿಯಲ್ಲಿ ಇಳಿಸಿಬಿಟ್ಟರು. "ಕಾನೂನಲ್ಲಿ ಅವಕಾಶ ಇದೆಯಮ್ಮಾ ಅಂದ್ರು. ನಂಗೆ ಕಾನೂನು ಕಲಿಸ್ಬೇಡಿ ಅಂತ ಸೀಟಿ ಊದಿದೆ." ಅದು ಆ ಆಪರೇಟರ್ ಅವರ ಹೊಸ ಕೆಲಸದ ಮೊದಲ ದಿನ. ತಡವಾಗಿ ಹೋದದ್ದಕ್ಕೆ ಆ ಕೆಲಸವೇ ಕೈತಪ್ಪಿತು. ಮರುದಿನ ಡಿಪೋಗೆ ಬಂದವರು ಅಕ್ಕನಿಗೆ ಶಿಕ್ಷೆ ಕೊಡಿ ಎನ್ನಲಿಲ್ಲ. 'ಇವರಿಗೆ ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡಿ' ಎಂದರು. ನಿಯಮದ ಸುತ್ತೋಲೆ ಮೇಲಧಿಕಾರಿಯ ಡ್ರಾಯರಿನಲ್ಲೇ ಕೊಳೆಯುತ್ತಿತ್ತು.

"ಬೈದಿದ್ರೆ ಮರೆತುಬಿಡ್ತಿದ್ದೆ," ಎನ್ನುತ್ತಾರೆ ಅಕ್ಕ. ಆಮೇಲೆ ಪ್ರತಿ ವಾರದ ರಜೆಯಲ್ಲೂ ತರಬೇತಿ ಕೇಂದ್ರಕ್ಕೆ ಹೋಗಿ ನಾಯಿಗೂಡು ತೊಳೆದರು. ಕೆಲಸ ಕಲಿತರು. ಎರಡನೇ ವರ್ಷಕ್ಕೆ ಕಂಡಕ್ಟರ್ ಕೆಲಸ ಬಿಟ್ಟರು.

ಹತ್ತೊಂಬತ್ತು ವರ್ಷದಲ್ಲಿ ಬದಲಾದದ್ದೇನು? ಕಳೆದ ತಿಂಗಳು ಒಂದು ಆಸ್ಪತ್ರೆಯಲ್ಲಿ ಆರು ವರ್ಷದ ಹುಡುಗಿಗೆ ಆಪರೇಷನ್. ಅವಳ ತಾಯಿ, ಕಣ್ಣು ಕಾಣದ ಶಾಲಾ ಟೀಚರ್, ಅಕ್ಕ ಪಳಗಿಸಿದ ನಾಯಿಯ ಜೊತೆ ಬಂದರು. "ನಾಯಿನ ಕಂಬಕ್ಕೆ ಕಟ್ಟಿ ಬನ್ನಿ," ಎಂದ ಕಾವಲುಗಾರ. ನಾಯಿ ಇಲ್ಲದೆ ಎತ್ತ ಹೋಗಬೇಕು? ಮೂರು ಗಂಟೆ ಗೇಟಿನಲ್ಲೇ ನಿಂತರು. ಒಳಗೆ ಎಚ್ಚರವಾದ ಮಗು ಅಮ್ಮನನ್ನು ಕರೆದು ಕರೆದು ಅಳುತ್ತಿತ್ತು.

ಟೀಚರ್ ಅಕ್ಕನಿಗೆ ಫೋನ್ ಮಾಡಿದರು. ಕಾನೂನಿನ ಪ್ರತಿ ಹಿಡಿದು ಅಕ್ಕ ಓಡಿದರು. "ಮೇಲಿನವರನ್ನ ಕೇಳ್ಬೇಕು," ಎಂದ ಮ್ಯಾನೇಜರ್. "ಕೇಳಿ. ನಾನು ಇಲ್ಲೇ ಕೂತಿರ್ತೀನಿ," ಎಂದು ಅವನ ಮೇಜಿನ ಮುಂದೆಯೇ ನೆಲದ ಮೇಲೆ ಕುಳಿತರು. ಇಪ್ಪತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಆಮೇಲೆ ಆಸ್ಪತ್ರೆಯಿಂದ ಒಂದು ಸಾಲಿನ ಪತ್ರ ಬಂತು: 'ತಪ್ಪು ತಿಳಿವಳಿಕೆಯಿಂದ ಆದದ್ದು.' ತಿಳಿವಳಿಕೆಯೇ ಇಲ್ಲದ ಕಡೆ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು? 'ನಾಯಿಗಳಿಗೆ ಪ್ರವೇಶವಿಲ್ಲ' ಎಂದು ಆಳೆತ್ತರ ಬರೆಸಿದವರಿಗೆ ಅದರ ಕೆಳಗೆ 'ದಾರಿ ತೋರುವ ನಾಯಿಗೆ ಇದೆ' ಎಂದು ಇನ್ನೊಂದು ಸಾಲು ಬರೆಸಲು ಕೈ ಬರಲಿಲ್ಲ.

ಗೆದ್ದಿರಲ್ಲ ಎಂದು ನಾನು ಅಕ್ಕನಿಗೆ ಹೇಳಿದೆ. ಅವರ ಮುಖ ಕೆಂಪಾಯಿತು.

"ಏನ್ ಗೆದ್ದೆ? ನಾನು ಹೋಗ್ದಿದ್ರೂ ಆ ಬಾಗಿಲು ತೆರೀಬೇಕು. ಅಷ್ಟೇ ನನ್ನ ಆಸೆ. ಜಗಳ ಆಡೋಕೆ ನಂಗೆ ಬರುತ್ತೆ, ಬಿಡಿ. ಆದ್ರೆ ಆ ತಾಯಿ ಜಗಳ ಆಡೋಕೆ ಹೋಗಿರ್ಲಿಲ್ಲ. ಮಗು ನೋಡೋಕೆ ಹೋಗಿದ್ರು."