ಕಂಪ್ಲಿಯ ಕ್ಲಿಕ್ಕು

ಈಗಷ್ಟೇ ಫೋನು ಕುಂಯ್ ಅಂದಿತು. ಹೊಸಪೇಟೆಯ ಅನಿತಾ ತಿಂಗಳ ರಿಪೋರ್ಟ್ ಕಳಿಸಿದ್ದಾಳೆ. ಕಮಲಾಪುರದಲ್ಲಿ ನನ್ನದೊಂದು ಹೋಂಸ್ಟೇ ಇದೆ. ಹಂಪಿ ನೋಡಲು ಬರುವವರಿಗಾಗಿ ಇಂಟರ್ನೆಟ್ಟಿನಲ್ಲಿ ಅದರ ಜಾಹೀರಾತು ಹಾಕುವವಳು ಅವಳು. ಯಾವ ಊರಿನವರು ಎಷ್ಟು ಸಲ ಒತ್ತಿದರು, ಅವರಲ್ಲಿ ಯಾರು ರೂಮು ಹಿಡಿದರು, ಎಲ್ಲ ಬಣ್ಣಬಣ್ಣದ ಗೆರೆಗಳಲ್ಲಿರುತ್ತದೆ. ಅರ್ಥವಾದವನ ಹಾಗೆ ತಲೆಯಾಡಿಸುತ್ತೇನೆ. ನೋಡುವುದು ಮಾತ್ರ ಒಂದೇ ಸಾಲು, ಕಂಪ್ಲಿಯದು.

ಕಂಪ್ಲಿಯಿಂದ ದಿನಾ ಬೆಳಿಗ್ಗೆ ಯಾರೋ ಒತ್ತುತ್ತಾರೆ, ರೂಮು ಹಿಡಿಯುವುದಿಲ್ಲ, ಒತ್ತಿದಾಗಲೆಲ್ಲ ನಮ್ಮ ದುಡ್ಡು ಹೋಗುತ್ತದೆ ಎಂದು ಹೋದ ವರ್ಷ ಅನಿತಾ ತಕರಾರು ತೆಗೆದಿದ್ದಳು. ಕಂಪ್ಲಿಯವರಿಗೆ ಹಂಪಿಯಲ್ಲಿ ರೂಮು ಯಾಕೆ ಬೇಕು, ನೀವೇ ಹೇಳಿ. ಬೆಳಿಗ್ಗೆ ಬಂದವರು ಊಟದ ಹೊತ್ತಿಗೆ ಮನೆಯಲ್ಲಿರುತ್ತಾರೆ. ಇದು ಪಕ್ಕದ ಲಾಡ್ಜಿನವನು ಅಲ್ಲಿ ಯಾರಿಂದಲೋ ಮಾಡಿಸುತ್ತಿರುವ ಕಿತಾಪತಿಯೇ ಎಂದು ನಾಲ್ಕು ದಿನ ಅವನನ್ನು ಬೈದುಕೊಂಡು ಓಡಾಡಿದೆ.

ಕಂಪ್ಲಿಗೆ ಹೋದಾಗ ಗೊತ್ತಾಯಿತು, ಒತ್ತುತ್ತಿದ್ದವಳು ಅಲ್ಲೇ ಇದ್ದ ನನ್ನ ಅಕ್ಕ. ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಒಮ್ಮೆ ಒತ್ತಿದವರ ಬೆನ್ನು ಬಿಡದೆ ಈ ಜಾಹೀರಾತು ಮತ್ತೆ ಮತ್ತೆ ಬರುತ್ತದಂತೆ. ಅಕ್ಕ ಅದನ್ನು ನಾನೇ ದಿನಾ ಕಳಿಸುತ್ತೇನೆ ಎಂದುಕೊಂಡಿದ್ದಳು.

"ದಿನಾ ಮುಂಜಾನೆ ನಿನ್ನ ಮನಿ ಫೋಟೋ ಬರ್ತೈತಪ್ಪ. ಬಾಗಿಲಿಗೆ ಬಂದೋರನ್ನ ಮಾತಾಡಿಸದ ಹೆಂಗ ಕಳಿಸ್ಲಿ?" ಅಂದಳು.

ಕಂಪ್ಲಿಗೆ ಜಾಹೀರಾತು ಬಂದ್ ಮಾಡೋಣವೇ ಎಂದು ಅನಿತಾ ಕೇಳಿದಾಗ, ಬ್ಯಾಡ ಅಂದೆ. ಆಮೇಲೆ ಅಕ್ಕನಿಗೆ ಲಕ್ವಾ ಹೊಡೆದು ಮಾತು ನಿಂತಿತು. ಫೋನು ಮಾಡಿದರೆ ಬರೀ ಉಸಿರು ಕೇಳುತ್ತಿತ್ತು. ಒಂದು ಕೈ ಮಾತ್ರ ಆಡುತ್ತಿತ್ತು. ಆಗ ನಾನು ಆ ಲೆಕ್ಕವನ್ನು ದಿನಾ ನೋಡುವುದನ್ನು ಅನಿತಾಳಿಂದ ಕಲಿತೆ. ಕಂಪ್ಲಿಯ ಕ್ಲಿಕ್ಕು ಬಂದರೆ ಅಕ್ಕ ಎದ್ದಳು ಎಂದು ಅರ್ಥ. ನನಗೆ ಚಹಾ ಇಳಿಯುತ್ತಿದ್ದದ್ದು ಅದಾದ ಮೇಲೆಯೇ.

ತಿಂಗಳ ಹಿಂದೆ ಅಕ್ಕ ಹೋದಳು. ಅನಿತಾಳಿಗೆ ನಾನು ಹೇಳಿಲ್ಲ. ಪಾಪ, ರಿಪೋರ್ಟಿನ ಕೆಳಗೆ ಖುಷಿಯಿಂದ ಬರೆದಿದ್ದಾಳೆ: "ಸರ್, ಈ ಸಲ ಆ್ಯಡ್ ಮಸ್ತ್ ಕೆಲಸ ಮಾಡೈತ್ರಿ. ಕಂಪ್ಲಿ ವೇಸ್ಟ್ ಕ್ಲಿಕ್ ಪೂರಾ ನಿಂತಾವು."



ಅಕ್ಕನ ಫೋನನ್ನು ಅವಳ ಮಗಳು ನೆನಪಿಗಿರಲಿ ಎಂದು ನನಗೆ ಕೊಟ್ಟಿದ್ದಾಳೆ. ಅದನ್ನು ತೆಗೆದು ನೋಡಿದೆ. ಅಕ್ಕ ಓದುತ್ತಿದ್ದ ಸುದ್ದಿ ಪುಟದಲ್ಲಿ ನಮ್ಮ ಮನೆಯ ಫೋಟೋ ಬಂದು ನಿಂತಿತ್ತು. ಅದಕ್ಕೇನು ಗೊತ್ತು, ಅಕ್ಕ ಇಲ್ಲವೆಂದು? ಬಾಗಿಲಿಗೆ ಬಂದದ್ದನ್ನು ಮಾತಾಡಿಸದೆ ಕಳಿಸಲು ನನಗೂ ಆಗಲಿಲ್ಲ. ಅನಿತಾ ಏನಾದರೂ ಅಂದುಕೊಳ್ಳಲಿ ಎಂದು ಒತ್ತಿದೆ.