ಪರದೆಯ ಹಿಂದಿನ ಹತ್ತರಕಿ ವಡೆ

ವನದುರ್ಗದ ಶೇಖಮ್ಮ ಹೊಲದಿಂದ ಬರಿಗೈಲಿ ಮನೆಗೆ ಬಂದವಳಲ್ಲ. ಯಾರದೇ ಹೊಲದಲ್ಲಿ ಕಳೆ ತೆಗೆಯಲಿ, ಹತ್ತರಕಿ, ಕಿರಕಸಾಲಿ ಸೊಪ್ಪು ಕಣ್ಣಿಗೆ ಬಿದ್ದರೆ ಅವಳ ಉಡಿ ಸೇರಲೇಬೇಕು. ಕಳೆಗೆ ಯಾರಪ್ಪನ ಅಪ್ಪಣೆ? ಸಂಜೆ ಅದನ್ನು ಹೆಚ್ಚಿ, ಕಡಲೆಹಿಟ್ಟು, ಜೋಳದಹಿಟ್ಟು, ಬೆಳ್ಳುಳ್ಳಿ, ಖಾರ ಹಾಕಿ ಕಲಸಿ ವಡೆ ತಟ್ಟುತ್ತಾಳೆ. ಗಂಡ ಮರಿಲಿಂಗಪ್ಪ ಸತ್ತ ಮೇಲೆ ಕೂಲಿ ಮಾಡಿ ಮಗಳು ಪಂಚಶೀಲಾಳನ್ನು ಓದಿಸಿದಳು. ಮಗಳೀಗ ಸುರಪುರದಲ್ಲಿ ಟೀಚರ್.

'ಕಳೆ ತಿನ್ನುವ ಜನ' ಎಂದು ಮೂಗು ಮುರಿಯುತ್ತಿದ್ದವರಿಗೆ ಸಕ್ಕರೆ ಕಾಯಿಲೆ ಬಂತು. ಸೊಪ್ಪು ತಿನ್ನಿ ಎಂದು ಡಾಕ್ಟರು ಹೇಳಿದ್ದೇ ತಡ, ಹತ್ತರಕಿ ಅಮೃತವಾಗಿಬಿಟ್ಟಿತು. ಈ ಜನರ ನಾಲಿಗೆಗೆ ಎಲುಬಿಲ್ಲದ್ದು ಶೇಖಮ್ಮನಿಗೆ ಮೊದಲೇ ಗೊತ್ತಿತ್ತು.

ಶಹಾಪುರದಲ್ಲಿ ಆಹಾರ ಮೇಳ ನಡೆಯುವುದಿತ್ತು. ಮಹಿಳಾ ಸಂಘದ ಅಧ್ಯಕ್ಷೆ ಕಲ್ಯಾಣಮ್ಮ ಶೇಖಮ್ಮನ ಅಂಗಳದಲ್ಲೇ ನಿಂತು ಹೇಳಿದಳು: "ವಡಿ ನೀನೇ ಮಾಡಬೇಕು ನೋಡು, ಶೇಖಮ್ಮ. ಎಣ್ಣ್ಯಾಗ ಕರಿದದ್ದಕ್ಕ ಮೈಲಿಗಿ ಇರಂಗಿಲ್ಲ."

ಎಂಥ ದೊಡ್ಡ ಮನಸ್ಸು! ಆದರೂ ಶೇಖಮ್ಮ ಒಪ್ಪಿದಳು. ನಮ್ಮವ್ವನ ವಡೆ ತಿನ್ನಲು ಬನ್ನಿ ಎಂದು ಪಂಚಶೀಲಾ ಶಾಲೆಯ ಟೀಚರುಗಳನ್ನೆಲ್ಲ ಆಗಲೇ ಕರೆದಿದ್ದಳು.

ಮೇಳದಲ್ಲಿ ನೋಡಿದರೆ, ಬಸವಣ್ಣನ ಪಟಕ್ಕೆ ಹೂವೇರಿಸಿ, ಅದರ ಕೆಳಗೇ ಪರದೆ ಕಟ್ಟಿದ್ದರು. ಹಿಂದೆ ಶೇಖಮ್ಮ ಮತ್ತು ಗ್ಯಾಸ್ ಒಲೆ. ಮುಂದೆ ಇಳಕಲ್ ಸೀರೆಯುಟ್ಟ ಕಲ್ಯಾಣಮ್ಮ.

"ಮೈಲಿಗಿ ಎಣ್ಣ್ಯಾಗ ಸುಟ್ಟು ಹೋಗ್ತದಂದ್ರ ಈ ಪರದಾ ಯಾತಕ್ರಿ, ಅಕ್ಕಾರ?"

"ಹೊಗಿ ಮುಂದ ಬರ್ತದಲ್ಲ, ಅದಕ್ಕ."

ಗ್ಯಾಸಿಗೆ ಹೊಗೆಯಂತೆ! ಸುಳ್ಳು ಹೇಳಲಿಕ್ಕಾದರೂ ಬುದ್ಧಿ ಬೇಡವೇ? ಎದ್ದು ಹೋಗೋಣವೆನ್ನಿಸಿತು. ಹೋದರೆ ಮಗಳ ಮಾತು ಹೋಗುತ್ತದೆ. ಕೂತರೆ, ಅವ್ವನನ್ನು ಮರೆಮಾಡಿ ಕೂರಿಸಿದ್ದನ್ನು ಮಗಳು ತನ್ನ ಜೊತೆಯವರ ಎದುರೇ ನೋಡಬೇಕಾಗುತ್ತದೆ. ಶೇಖಮ್ಮ ಹಲ್ಲು ಕಚ್ಚಿಕೊಂಡು ವಡೆ ತಟ್ಟಿದಳು.

ಜನ ಮುಗಿಬಿದ್ದು ತಿನ್ನುತ್ತಿದ್ದರು. ಅಷ್ಟರಲ್ಲಿ ಮಗಳ ದನಿ ಕೇಳಿತು. "ನಮ್ಮವ್ವ ಎಲ್ಲಿ ಅದಾಳ್ರಿ?"

"ನಿಮ್ಮವ್ವ?" ಕಲ್ಯಾಣಮ್ಮ ವಡೆ ಅಗಿಯುತ್ತಲೇ ಅಂದಳು. "ಭಾಂಡೆ ತಿಕ್ಕಾಕ ಬಂದಿದ್ಳು, ಹಿಂದೆಲ್ಲೋ ಇರಬೇಕು. ನೀ ವಡಿ ತಗೊ. ನಮ್ಮ ಮನ್ಯಾಗ ಮಾಡೋವು, ನನ್ನ ಕೈಯಾನವು."

ಶೇಖಮ್ಮ ಹಿಟ್ಟಿನ ಕೈಯಲ್ಲೇ ಪರದೆ ಜಗ್ಗಿದಳು. ಹಗ್ಗದ ಸಮೇತ ಕಿತ್ತು ಬಂತು. ಬಿಸಿ ವಡೆಯೊಂದನ್ನು ಮುರಿದು, ಊದಿ, ಜೊತೆಗೆ ಬಂದಿದ್ದ ಟೀಚರುಗಳೂ ಸೇರಿ ಎಲ್ಲರೆದುರು ಮಗಳ ಬಾಯಿಗಿಟ್ಟಳು.

"ತಿನ್ನವ್ವ. ನಿಮ್ಮವ್ವ ಮಾಡ್ಯಾಳ."

ಪಂಚಶೀಲಾ ಅಗಿದಳು, ಅವಳ ಕಣ್ಣು ತುಂಬಿದವು. ಸುತ್ತ ನಿಂತಿದ್ದ ವನದುರ್ಗದವರ ದವಡೆಗಳು ಮಾತ್ರ ನಿಂತುಬಿಟ್ಟವು. ಒಬ್ಬ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಕೈ ಒರೆಸಿಕೊಂಡ. ಕಲ್ಯಾಣಮ್ಮನ ಕೆನ್ನೆ ಹಾಗೇ ಉಬ್ಬಿತ್ತು.

"ನುಂಗ್ರಿ ಅಕ್ಕಾರ, ಇಲ್ಲಾಂದ್ರ ಉಗುಳ್ರಿ," ಅಂದಳು ಶೇಖಮ್ಮ. "ಎಲ್ಲಾರೂ ನೋಡಾಕತ್ತಾರ."

ಕಲ್ಯಾಣಮ್ಮ ಕಣ್ಣು ಮುಚ್ಚಿಕೊಂಡು ನುಂಗಿದಳು.