ಸಾಣಿಗೆಯಿಂದ ಹಿಮ ಸುರಿಸುವ ಸಕ್ಕುಬಾಯಿ

“ನಿನ್ನ ಹೆಸರು ಯಾರಿಗೆ ಬೇಕಬೇ? ಮಂದಿ ಹಿಮಾಲಯ ನೋಡಾಕ ಬರ್ತಾರ, ನಿನ್ನ ನೋಡಾಕ ಅಲ್ಲ!”

“ಹಂಗಾರ ನೀವ ಏಣಿ ಏರ್ರಿ, ದಾದಾಸಾಹೇಬ್ರ. ತಗೋರಿ ಸಾಣಿಗಿ.”

ನಿಪ್ಪಾಣಿಯ ಗಣಪತಿ ಮಂಡಳದ ಮಂಟಪದಲ್ಲಿ ಬೆಳಗಾಗುತ್ತಿದೆ. ಬಿದಿರು, ಗೋಣಿತಟ್ಟಿನ ಹಿಮಾಲಯ ಎದ್ದು ನಿಂತಿದೆ; ನಡುವೆ ಕೈಲಾಸ, ಅದರಡಿ ಶಿವನ ಮೂರ್ತಿ. ಹಿಮ ಮಾತ್ರ ಬಿದ್ದಿಲ್ಲ. ಸಂಜೆ ಈ ದೇಖಾವೆಯನ್ನು, ಹಬ್ಬದ ದೃಶ್ಯವನ್ನು, ಜನರಿಗೆ ತೆರೆಯಬೇಕು. ಗುತ್ತಿಗೆದಾರ ದಾದಾಸಾಹೇಬರು ತಂದ ಬೋರ್ಡಿನಲ್ಲಿ ‘ಹಿಮ ಕಲಾವಿದ’ ಎಂದು ಅವರದೇ ಹೆಸರಿದೆ. ಹಿಮ ಮಾಡುವವರು ರಾಯಬಾಗದ ಸಕ್ಕುಬಾಯಿ ಪೂಜೇರಿ. ತಮ್ಮ ಹೆಸರು ಬರೆಯುವವರೆಗೆ ಚಿಟಿಕೆ ಹಿಮವೂ ಬೀಳುವುದಿಲ್ಲ ಎಂದು ಅವರು ಏಣಿಯ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದಾರೆ.

ಐವತ್ತರ ಆಸುಪಾಸಿನ ಸಕ್ಕುಬಾಯಿ ಹಿಮ ಕಂಡವರಲ್ಲ. ಮದುವೆಯಾದ ಹೊಸದರಲ್ಲಿ ಹಿಟ್ಟಿನ ಗಿರಣಿಗೆ ಕೂಲಿಗೆ ಸೇರಿದರು. ಬಿಳುಪು ಹೇಗೆ ಕೂರುತ್ತದೆ ಎಂಬುದನ್ನು ಅಲ್ಲೇ ಕಲಿತರು.

“ಹಿಟ್ಟು ಮ್ಯಾಲಿಂದ ಬೀಳತೈತ್ರಿ. ಜೇಡರ ಬಲಿ ಮ್ಯಾಲ, ಮಾಲಕರ ಹುಬ್ಬಿನ ಮ್ಯಾಲ ಕುಂದರತೈತಿ. ಟೊಂಗಿ ಕೆಳಮೈಗೆ ಬಿಳಿ ಹಚ್ಚಿದ್ರ ಅದು ಹಿಮ ಅಲ್ಲ, ಸುಣ್ಣ.”

ಅವರ ಸಾಮಾನು ಸಾದಾ. ಗೋಣಿತಟ್ಟಿಗೆ ಗಂಜಿ, ಅದರ ಮೇಲೆ ಎಳೆಎಳೆಯಾಗಿ ಬಿಡಿಸಿದ ಹತ್ತಿ, ಕಡೆಗೆ ಸಾಣಿಗೆಯಲ್ಲಿ ಬಿಳಿ ರಂಗೋಲಿ ಪುಡಿ. ಬಾಯಿಗೆ ಸೆರಗು ಕಟ್ಟಿದರೂ ರಾತ್ರಿ ಕೆಮ್ಮು ಬಿಡುವುದಿಲ್ಲ. ಗಂಡ ಬೀರದೇವ ಕುರಿ ಕಾಯುತ್ತಾರೆ. “ಅವನ ಹಿಂಡು ಕರಿ, ನನ್ನ ಗುಡ್ಡ ಬಿಳಿ. ಇಬ್ಬರದೂ ಅಂಗಿ ತೊಳಿಯಾಕಿ ನಾನ,” ಎಂದು ನಗುತ್ತಾರೆ.

ಚಿಕ್ಕೋಡಿಯ ಮದುವೆ ವೇದಿಕೆಗಳಲ್ಲಿ ಬಿದ್ದಿದ್ದು ಇವರದೇ ಹಿಮ. ಕಾಗವಾಡದಲ್ಲಿ ಎಲೆ ಸವರಿದ ದ್ರಾಕ್ಷಿ ತೋಟವನ್ನು ಸಿನಿಮಾ ಹಾಡಿಗೆ ಕಾಶ್ಮೀರ ಮಾಡಿದ್ದೂ ಇವರೇ. ಆ ಸಿನಿಮಾ ತೋರಿಸಲು ನೆರೆಯ ತುಳಸವ್ವನನ್ನು ಅಥಣಿಗೆ ಕರೆದುಕೊಂಡು ಹೋಗಿದ್ದರು. ಪರದೆ ಮೇಲೆ ಬಂದದ್ದು ದಾದಾಸಾಹೇಬರ ಹೆಸರು.

“ಎಲ್ಲೈತಿ ನಿನ್ನ ಹೆಸರು? ಊರ ತುಂಬ ಸುಳ್ಳ ಹೇಳಿಕೋತ ತಿರಗಾಡಿದಿ!” ಎಂದಳು ತುಳಸವ್ವ. ದುಡಿದವಳು ಸುಳ್ಳುಗಾತಿಯಾದಳು. ದಾದಾಸಾಹೇಬರು ಮಾಡಿದ್ದು ಕಳ್ಳತನ. ಅದಕ್ಕೆ ನಯವಾದ ಶಬ್ದ ಹುಡುಕುವ ಅಗತ್ಯವಿಲ್ಲ.

ಇತ್ತ ಮಂಟಪದಲ್ಲಿ ದಾದಾಸಾಹೇಬರು ರೊಚ್ಚಿಗೆದ್ದು ತಾವೇ ಏಣಿ ಹತ್ತುತ್ತಾರೆ. ಸಾಣಿಗೆ ಜೋರಾಗಿ ಅಲುಗಾಡಿಸುತ್ತಾರೆ. ಪುಡಿ ದೊಪ್ಪನೆ ಕೈಲಾಸದ ನೆತ್ತಿಗೆ ಬೀಳುತ್ತದೆ, ಅರ್ಧ ಅವರ ಮೀಸೆಗೇ.

ಮಂಡಳದ ಅಧ್ಯಕ್ಷ ಬಾಬಾಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. “ಇಳೀರಿ ಮಾರಾಯ್ರ! ಶಿವಗ ಕೆಮ್ಮು ಬಂದೀತು. ಸಕ್ಕುಬಾಯಿ, ನೀ ಏರವಾ.”

“ಮೊದಲ ಹೆಸರು ಬರಸ್ರಿ. ಆಮ್ಯಾಗ ಹಿಮ.”

ಪೇಂಟರ್ ಬರುತ್ತಾನೆ. ಹಳೆಯ ಹೆಸರಿನ ಮೇಲೆ ಬಣ್ಣ ಬಳಿದು, ‘ಹಿಮ: ಸಕ್ಕುಬಾಯಿ ಪೂಜೇರಿ, ರಾಯಬಾಗ’ ಎಂದು ದೊಡ್ಡದಾಗಿ ಬರೆಯುತ್ತಾನೆ. ಸಕ್ಕುಬಾಯಿಗೆ ಓದಲು ಬರುತ್ತದೆ. ಜೋರಾಗಿಯೇ ಓದುತ್ತಾರೆ. ಆಮೇಲೆ ಏಣಿ ಹತ್ತಿ, ದಾದಾಸಾಹೇಬರು ಸುರಿದ ಪುಡಿಯ ಗುಡ್ಡೆಯನ್ನು ಪೊರಕೆಯಿಂದ ಗುಡಿಸಿ, ಬೆರಳ ತುದಿಯಿಂದ ಸಾಣಿಗೆಯ ಅಂಚನ್ನು ಮೆಲ್ಲಗೆ ತಟ್ಟುತ್ತಾರೆ. ಗೋಣಿಯ ಮಡಿಕೆ ಮಡಿಕೆಯಲ್ಲಿ ಹಿಮ ಇಳಿಯುತ್ತದೆ. ನಿಂತವರೆಲ್ಲ ಚಪ್ಪಾಳೆ ಹೊಡೆಯುತ್ತಾರೆ.

“ಈಗ ಬರಲಿ ತುಳಸವ್ವ,” ಎನ್ನುತ್ತಾರೆ ಸಕ್ಕುಬಾಯಿ ಮೇಲಿಂದಲೇ. “ಬಸ್ಸಿನ ರೊಕ್ಕ ನಾನ ಕೊಡ್ತೀನಿ.”

ದಾದಾಸಾಹೇಬರು ಮೀಸೆ ಕೂಡ ಒರೆಸಿಕೊಳ್ಳದೆ ಹೊರಗೆ ನಡೆಯುತ್ತಾರೆ. ಸಂಜೆ ಆರತಿಯ ಹೊತ್ತಿಗೆ ಬಾಬಾಸಾಹೇಬರು ಬಾಗಿಲತ್ತ ಒಮ್ಮೆ ನೋಡುತ್ತಾರೆ. ದಾದಾಸಾಹೇಬರು ಬರುವುದಿಲ್ಲ.